ಪರವಾಗಿಲ್ಲ, ಡಾಕ್ಟ್ರೇ

ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವರನ್ನು ಎಲ್ಲರೂ ಮೀನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಮಕ್ಕಳು. ಕೊಳದ ಈ ತುದಿಯಲ್ಲಿ ಮುಳುಗಿದವರು ಆ ತುದಿಯಲ್ಲಿ ತಲೆ ಎತ್ತುವವರೆಗೆ ನೀರಿನ ಮೇಲೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ, ಅದಕ್ಕೆ ಆ ಹೆಸರು. ನೀರು ಕಂಡರೆ ಕಿರುಚುವ ಮಕ್ಕಳನ್ನು ಅಪ್ಪ-ಅಮ್ಮಂದಿರು ಹುಡುಕಿಕೊಂಡು ಅವರ ಬಳಿಗೇ ಕರೆತರುತ್ತಿದ್ದರು. ಮೇಷ್ಟ್ರು ಗದರಿದವರಲ್ಲ. "ನೀರು ಕುಡಿದ್ರೆ ಏನಾಗುತ್ತೆ ಹೇಳು? ಹೊಟ್ಟೆ ತುಂಬುತ್ತೆ, ಅಷ್ಟೇ. ಮನೆಗೆ ಹೋಗಿ ಊಟ ಬೇಡ ಅನ್ನು" ಎಂದು ನಗಿಸಿ, ಮಗು ನಗುತ್ತಿರುವಾಗಲೇ ಎತ್ತಿ ನೀರಿಗೆ ಇಳಿಸಿಬಿಡುತ್ತಿದ್ದರು.

ಒಂದು ಚಳಿಗಾಲ ಗಂಟಲು ನೋವು, ಜ್ವರ ಬಂದು ಹೋಯಿತು. ಅದಾದ ಮೇಲೆ ಎರಡೂ ಮೊಣಕೈಗಳ ಮೇಲೆ ಕೆಂಪು ಮಚ್ಚೆ ಎದ್ದವು. ನೀರಿಗೆ ಕ್ಲೋರಿನ್ ಜಾಸ್ತಿಯಾಗಿರಬೇಕು ಎಂದುಕೊಂಡು ಮೇಷ್ಟ್ರು ಎಣ್ಣೆ ಹಚ್ಚಿಕೊಂಡರು. ಮಚ್ಚೆ ಹೋಗಲಿಲ್ಲ; ಅದರ ಮೇಲೆ ಬೆಳ್ಳಗಿನ ಹೊಟ್ಟು ಕಟ್ಟಿತು. ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು, ಇನ್ನೂ ಕೆರೆದರೆ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕೆ ಕಾಣಿಸುತ್ತಿತ್ತು. ಮುಂದಿನ ಚಳಿಗಾಲದ ಹೊತ್ತಿಗೆ ಬೆನ್ನು, ಮೊಣಕಾಲು, ತಲೆ, ಕೊನೆಗೆ ಅಂಗೈ. ಅಂಗೈಯ ಚರ್ಮ ದಪ್ಪಗಾಗಿ, ಬಿರಿದು, ಬೆರಳು ಮಡಚಿದರೆ ಸೀಳುತ್ತಿತ್ತು.

ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನಡುವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ಒಳ್ಳೆಯವರೇ. ಆದರೆ ಅವರ ಕೋಣೆಯ ಹೊರಗಿನ ಸಾಲು ಮೆಟ್ಟಿಲು ಇಳಿದು ಔಷಧದ ಕಿಟಕಿಯವರೆಗೆ ಹೋಗಿರುತ್ತಿತ್ತು. "ಇದು ಸೋರಿಯಾಸಿಸ್. ಅಂಟೋ ಕಾಯಿಲೆ ಅಲ್ಲ. ಪೂರ್ತಿ ಹೋಗಲ್ಲ, ಹತೋಟಿಯಲ್ಲಿ ಇಡಬಹುದು" ಎಂದರು. ಮೊದಲು ಮುಲಾಮು ಕೊಟ್ಟರು. ಆಮೇಲೆ ಡಾಂಬರಿನ ವಾಸನೆಯ ಇನ್ನೊಂದು ಮುಲಾಮು. ಅದನ್ನು ಹಚ್ಚಿಕೊಂಡ ದಿನ ಮೇಷ್ಟ್ರ ಹೆಂಡತಿ ಮೂಗು ಮುಚ್ಚಿಕೊಂಡು, "ರಸ್ತೆ ರಿಪೇರಿ ಮಾಡೋರು ಮನೆಗೇ ಬಂದ ಹಾಗಿದೆ" ಎಂದು ನಗಲು ನೋಡಿದಳು. ಅದಾದ ಮೇಲೆ ಬೀರುವಿನಂಥ ಪೆಟ್ಟಿಗೆಯೊಳಗೆ ಬರಿಮೈಯಲ್ಲಿ ನಿಲ್ಲಿಸಿ ನೀಲಿ ಬೆಳಕು ಬಿಡುವ ಚಿಕಿತ್ಸೆ. ಕೊನೆಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ. ಮಾತ್ರೆ ನುಂಗಿದ ಮರುದಿನವೆಲ್ಲ ಹೊಟ್ಟೆ ತೊಳಸುತ್ತಿತ್ತು, ಅನ್ನ ಕಂಡರೆ ಓಕರಿಕೆ ಬರುತ್ತಿತ್ತು.

ಪ್ರತಿ ಸಲವೂ ಡಾಕ್ಟರಮ್ಮ ತಲೆ ಎತ್ತಿ, "ಹೇಗಿದೆ ಈಗ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಮೇಷ್ಟ್ರು, "ಪರವಾಗಿಲ್ಲ, ಡಾಕ್ಟ್ರೇ" ಎನ್ನುತ್ತಿದ್ದರು.

ಹೊರಗೆ ಬಂದ ಕೂಡಲೇ ಹೆಂಡತಿ ಸಿಡುಕುತ್ತಿದ್ದಳು. "ಹಾಸಿಗೆ ತುಂಬ ರಕ್ತ ಮಾಡ್ಕೊಂಡು ಏಳ್ತೀರಿ. ಅಂಗಿ ಗುಂಡಿ ನಾನು ಹಾಕ್ಬೇಕು. ಇಲ್ಲಿ ಬಂದು ಪರವಾಗಿಲ್ಲ ಅಂತೀರಲ್ಲ, ಯಾವುದ್ರೀ ಪರವಾಗಿಲ್ಲ?"

"ಪಾಪ, ಅವ್ರಾದ್ರೂ ಏನ್ ಮಾಡ್ತಾರೆ? ಬೆಳಗ್ಗೆಯಿಂದ ಕೂತ ಜಾಗದಿಂದ ಎದ್ದಿಲ್ಲ. ನಾನೂ ಹೋಗಿ ಗೋಳಾಡ್ಲಾ?"

"ಗೋಳು ಹೇಳ್ಕೊಳ್ಳೋಕೆ ತಾನೇ ಆಸ್ಪತ್ರೆ ಇರೋದು?"

ಡಾಕ್ಟರಮ್ಮನ ಮುಂದಿನ ಕುರ್ಚಿಯಲ್ಲಿ ಕೂತಾಗ ಮೇಷ್ಟ್ರ ನಾಲಿಗೆ ತಾನಾಗಿ ಹಾಗೆ ಹೊರಳುತ್ತಿತ್ತು. ಕೊಟ್ಟ ಮದ್ದು ಕೆಲಸ ಮಾಡಿಲ್ಲ ಎನ್ನುವುದು ಕೊಟ್ಟವರ ಮುಖಕ್ಕೆ ಹೊಡೆದಂತೆ ಎಂಬ ಸಂಕೋಚ ಒಂದು. ಇವನಿಗೆ ಯಾವುದೂ ನಾಟುವುದಿಲ್ಲ ಎಂದು ಅವರು ಕೈಬಿಟ್ಟಾರು ಎಂಬ ಭಯ ಇನ್ನೊಂದು.

ಕೊಳದಲ್ಲಿ ಮಕ್ಕಳಿಗೆ ಇದೆಲ್ಲ ದೊಡ್ಡ ವಿಷಯವಾಗಿರಲಿಲ್ಲ. ಹಲ್ಲು ಬಿದ್ದ ಒಂದು ಹುಡುಗಿ ಅವರ ಬೆನ್ನು ಮುಟ್ಟಿ ನೋಡಿ, "ಮೇಷ್ಟ್ರೇ, ನಿಮಗೆ ನಿಜವಾಗ್ಲೂ ಪೊರೆ ಬರ್ತಾ ಇದೆ! ನೀವು ಪೂರ್ತಿ ಮೀನಾಗ್ತೀರಾ?" ಎಂದು ಬೆರಗಿನಿಂದ ಕೇಳಿದ್ದಳು. ಮೇಷ್ಟ್ರಿಗೂ ನಗು ಬಂದಿತ್ತು. ಆದರೆ ದಂಡೆಯ ಬೆಂಚಿನಲ್ಲಿ ಕೂತಿದ್ದ ಅವಳ ತಾಯಿಗೆ ಬರಲಿಲ್ಲ. ಆ ವಾರ ಹುಡುಗಿ ಬರುವುದನ್ನು ನಿಲ್ಲಿಸಿದಳು. ಅವಳ ಹಿಂದೆಯೇ ಇನ್ನೊಬ್ಬ ಹೋದ, ಮತ್ತೊಬ್ಬ ಹೋದ. ಬೆಂಚಿನ ಮೇಲೆ ಹೆಂಗಸರು ಕಿವಿಗೆ ಬಾಯಿ ಹಚ್ಚಿ ಮಾತಾಡಿಕೊಳ್ಳುವುದು ನೀರೊಳಗಿನಿಂದಲೇ ಕಾಣುತ್ತಿತ್ತು.

ಕೊಳದ ಮ್ಯಾನೇಜರ್ ಕರೆಸಿದರು. "ನೋಡಿ ಮೇಷ್ಟ್ರೇ, ಅಂಟಲ್ಲ ಅಂತ ನನಗೆ ಗೊತ್ತು. ಅವ್ರಿಗೆ ಗೊತ್ತಿಲ್ವಲ್ಲ. ಡಾಕ್ಟ್ರ ಹತ್ರ ಒಂದು ಸರ್ಟಿಫಿಕೇಟ್ ತನ್ನಿ, ಬೋರ್ಡಿಗೆ ಹಾಕ್ಬಿಡೋಣ."

ಮೇಷ್ಟ್ರು ತಂದುಕೊಟ್ಟರು. ಮ್ಯಾನೇಜರ್ ಅದನ್ನು ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಿದರು. ಅದುವರೆಗೆ ಗಮನಿಸದೆ ಇದ್ದವರೂ ನಿಂತು ಓದಿದರು. 'ಈಜು ಶಿಕ್ಷಕರಿಗೆ ಇರುವ ಚರ್ಮರೋಗವು' ಎಂಬಲ್ಲಿಗೇ ಓದು ನಿಲ್ಲುತ್ತಿತ್ತು. ಅದು ಅಂಟುವುದಿಲ್ಲ ಎಂಬ ಮುಂದಿನ ಸಾಲಿಗೆ ಯಾರೂ ಹೋಗುತ್ತಿರಲಿಲ್ಲ. ತಿಂಗಳೊಳಗೆ ಮ್ಯಾನೇಜರ್ ಮತ್ತೆ ಕರೆಸಿ, ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸುತ್ತ, "ಸ್ವಲ್ಪ ದಿನ ಟಿಕೆಟ್ ಕಿಟಕಿಯಲ್ಲಿ ಕೂತ್ಕೊಳ್ಳಿ. ವಾಸಿಯಾದ ಮೇಲೆ ನೀರು ಎಲ್ಲಿ ಹೋಗುತ್ತೆ, ಇಲ್ಲೇ ಇರುತ್ತೆ" ಎಂದರು.

ಟಿಕೆಟ್ ಕಿಟಕಿಯ ಗೋಡೆಯ ಆಚೆಗೇ ಕೊಳ. ದಿನವಿಡೀ ಮಕ್ಕಳ ಕೇಕೆ, ನೀರು ಚಿಮ್ಮುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿ ಹಾಕಿಕೊಂಡು ಬೆವರುತ್ತ ಕೂತಿರುತ್ತಿದ್ದರು. ಟಿಕೆಟ್ ಹರಿದು ಮುಂದೆ ಚಾಚಿದರೆ ಜನ ಅವರ ಬೆರಳು ತಗಲದಂತೆ ಚೀಟಿಯ ತುದಿಯನ್ನಷ್ಟೇ ಹಿಡಿದು ಎಳೆದುಕೊಳ್ಳುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಮೇಷ್ಟ್ರೇ ಟಿಕೆಟನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ರೂಢಿಸಿಕೊಂಡರು.

ಮನೆಯಲ್ಲಿ ಹೆಂಡತಿ ಎಲ್ಲರಿಗಿಂತ ಮುಂಚೆ ಎದ್ದು, ಹಾಸಿಗೆಯ ಸುತ್ತ ಉದುರಿದ ಹೊಟ್ಟನ್ನು ಗುಡಿಸಿಬಿಡುತ್ತಿದ್ದಳು. ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಯಾರ ಹಾಸಿಗೆ ಹೊದಿಕೆಯಲ್ಲಿ ಏನಿತ್ತು ಎಂದು ಮನೆಯಲ್ಲಿ ಎಂದೂ ಬಾಯಿಬಿಟ್ಟವಳಲ್ಲ. ಗಂಡನ ಹೊದಿಕೆಗಳನ್ನು ಮಾತ್ರ ಅಲ್ಲಿಗೆ ಒಯ್ಯದೆ, ಮನೆಯಲ್ಲೇ ಬಕೆಟ್ಟಿನಲ್ಲಿ ನೆನೆಹಾಕಿ ಉಜ್ಜುತ್ತಿದ್ದಳು.

ಮಗಳು ಹೈಸ್ಕೂಲಿನಲ್ಲಿದ್ದಳು. ಒಂದು ಸಂಜೆ ಪುಸ್ತಕದಿಂದ ಕಣ್ಣೆತ್ತದೆ, "ಅಪ್ಪಾ, ನಾಳೆ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆ. ಅಮ್ಮ ಬಂದ್ರೆ ಸಾಕು. ತುಂಬಾ ಹೊತ್ತು ಆಗುತ್ತೆ, ನಿಂಗೆ ಸುಸ್ತಾಗುತ್ತೆ" ಎಂದಳು.

"ಹೌದಲ್ವಾ, ನಂಗೂ ನಾಳೆ ಕೆಲಸ ಇದೆ" ಎಂದರು ಮೇಷ್ಟ್ರು. ಕೆಲಸವೇನೂ ಇರಲಿಲ್ಲ, ಮರುದಿನ ಕೊಳಕ್ಕೆ ರಜೆ. ಮಗಳಿಗೂ ಅದು ಗೊತ್ತಿತ್ತು. ಅವಳ ಕಿವಿ ಕೆಂಪಾಯಿತು. ಮೇಷ್ಟ್ರು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಹೊರಗೆ ಕೇಳದಂತೆ ಅತ್ತರು.

ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವರ ಬೆನ್ನು, ಕಾಲು ನೋಡಿ ಖುಷಿಪಟ್ಟರು. "ಬಂದಾಗ ಇದ್ದದ್ದಕ್ಕೆ ಅರ್ಧಕ್ಕಿಂತ ಕಡಿಮೆ ಆಗಿದೆ. ಅಂಗೈ ಇನ್ನೂ ಇದೆ, ಆದ್ರೆ ಇಡೀ ಮೈಗೆ ಹೋಲಿಸಿದ್ರೆ ಅದು ಚೂರೇ ಚೂರು ಜಾಗ. ಒಳ್ಳೆ ರಿಸಲ್ಟ್ ಇದು. ಹೇಗನ್ಸುತ್ತೆ?"

"ಪರವಾಗಿಲ್ಲ, ಡಾಕ್ಟ್ರೇ."

ಬಾಗಿಲ ಹೊರಗೆ ಡಾಕ್ಟರಿಕೆ ಓದುತ್ತಿರುವ ಹುಡುಗಿಯೊಬ್ಬಳು ಬಿಳಿ ಕೋಟು ತೊಟ್ಟು ನಿಂತಿದ್ದಳು. ರೋಗಿಗಳಿಗೆ ಚಿಕಿತ್ಸೆಯಿಂದ ತೃಪ್ತಿ ಇದೆಯೇ ಎಂದು ಕೇಳಿ ಬರೆದುಕೊಳ್ಳುವುದು ಅವಳಿಗೆ ಒಪ್ಪಿಸಿದ್ದ ಕೆಲಸ. "ತುಂಬಾ ತೃಪ್ತಿ, ತೃಪ್ತಿ, ಸುಮಾರು, ಅತೃಪ್ತಿ. ಇದ್ರಲ್ಲಿ ಯಾವ್ದು ಹಾಕ್ಲಿ ಅಂಕಲ್?"

ಮೇಷ್ಟ್ರು ಯೋಚಿಸಿ, "ಯಾವ್ದು ಹಾಕಿದ್ರೆ ನಿಂಗೆ ಅನುಕೂಲ ಮಗಾ?" ಎಂದರು.

"ಹಾಗಲ್ಲ, ನಿಮ್ಗೆ ಅನ್ಸಿದ್ದು ಹೇಳ್ಬೇಕು."

"ತೃಪ್ತಿ ಅಂತ್ಲೇ ಹಾಕಮ್ಮ."

ಹುಡುಗಿ ಸಂತೋಷದಿಂದ ಗುರುತು ಹಾಕಿಕೊಂಡು ಮುಂದಿನವರ ಕಡೆ ತಿರುಗಿದಳು. ಮೇಷ್ಟ್ರು ಮೆಟ್ಟಿಲಿಳಿಯುತ್ತ ಕಟಾಂಜನದ ಕಂಬಿ ಹಿಡಿದುಕೊಂಡರು. ಅಂಗೈ ಬಿರಿದು ಕಬ್ಬಿಣದ ಮೇಲೆ ರಕ್ತದ ಗೆರೆ ಮೂಡಿತು. ಕರವಸ್ತ್ರ ತೆಗೆದು ಅದನ್ನು ಒರೆಸಿದರು, ಮುಂದೆ ಹಿಡಿಯುವವರಿಗೆ ಹೇಸಿಗೆಯಾಗಬಾರದು ಎಂದು.

ಚರ್ಮರೋಗಕ್ಕೆ ಪುಡಿ ಕೊಟ್ಟು ವಾಸಿಮಾಡುತ್ತಾನೆ ಎನ್ನುತ್ತಿದ್ದ ಪುಡಿ ಡಾಕ್ಟ್ರ ವಿಷಯ ತಂದವನು ಹೆಂಡತಿಯ ತಮ್ಮ. ವ್ಯಾನ್ ಓಡಿಸುವ ಅವನಿಗೆ ಊರೂರು ಪರಿಚಯ. "ಭಾವ, ನನ್ನ ಮಾತು ಕೇಳಿ. ನಮ್ಮ ಗೋಡೌನಿನವನ ಹೆಂಡ್ತಿಗೆ ಹೀಗೇ ಇತ್ತು. ಮೂರು ವಾರ, ಅಷ್ಟೇ. ಈಗ ಕನ್ನಡಿ ಥರ ಮೈ. ಇಂಗ್ಲಿಷ್ ಔಷಧಿ ಪೂರ್ತಿ ನಿಲ್ಲಿಸ್ಬೇಕು, ಅದೊಂದೇ ಕಂಡೀಷನ್ನು."

ಹೆಂಡತಿಗೆ ಅಳುಕಿತ್ತು. "ಡಾಕ್ಟರಮ್ಮನ ಒಂದು ಮಾತು ಕೇಳೋಣ."

"ಕೇಳಿದ್ರೆ ಬೇಡ ಅಂತಾರೆ" ಎಂದರು ಮೇಷ್ಟ್ರು. ಅಲ್ಲಿಗೆ ಮಾತು ಮುಗಿಯಿತು.

ಪುಡಿ ಡಾಕ್ಟ್ರು ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಮಹಡಿಯ ಮೇಲೆ. ಮೇಷ್ಟ್ರ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಬಿರುಕುಗಳನ್ನು ಸವರುತ್ತ, "ತುಂಬಾ ನೊಂದಿದೀರಿ ಅಲ್ವಾ?" ಎಂದು ಕೇಳಿದ. ಹೆಂಡತಿಯನ್ನು ಬಿಟ್ಟರೆ ಎಷ್ಟೋ ಕಾಲದಿಂದ ಯಾರೂ ಆ ಕೈಗಳನ್ನು ಹಾಗೆ ಹಿಡಿದಿರಲಿಲ್ಲ. "ಬೇರು ಸಮೇತ ಕಿತ್ತು ಹಾಕ್ತೀನಿ, ಧೈರ್ಯವಾಗಿರಿ" ಎಂದ ಅವನು. ಆ ಹೊತ್ತಿನಲ್ಲಿ ಆತ ಮಣ್ಣು ಕೊಟ್ಟಿದ್ದರೂ ಮೇಷ್ಟ್ರು ತಿನ್ನುತ್ತಿದ್ದರು.

ಪುಡಿ ನಿಜವಾಗಿಯೂ ಕೆಲಸ ಮಾಡಿತು. ವಾರ ಕಳೆಯುವುದರೊಳಗೆ ತುರಿಕೆ ನಿಂತಿತು. ಹೊಟ್ಟು ಉದುರಿ, ಕೆಂಪು ಮಾಸಿ, ಒಳಗಿನಿಂದ ಹೊಸ ಚರ್ಮ ಕಾಣಿಸಿಕೊಂಡಿತು. ಅಂಗೈ ಎಳೆಮಗುವಿನದರಂತೆ ಮೆತ್ತಗಾಯಿತು. ಹೆಂಡತಿ ಆ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ಮೇಷ್ಟ್ರಿಗೆ ಹಸಿವೋ ಹಸಿವು, ಮುಖ ದುಂಡಗಾಯಿತು. "ಅಪ್ಪ ಚಂದಿರನ ಥರ ಆಗಿದಾನೆ" ಎಂದು ಮಗಳು ಚೇಷ್ಟೆ ಮಾಡಿದಳು. ಬಸ್ಸಿನಲ್ಲಿ ಎಲ್ಲಿಗೋ ಹೋಗುವಾಗ ಅವರ ಬರಿತೋಳಿಗೆ ತಲೆ ಆನಿಸಿ ನಿದ್ದೆಹೋದಳು. ತೋಳು ಜೋಮು ಹಿಡಿದರೂ ಮೇಷ್ಟ್ರು ಅಲುಗಲಿಲ್ಲ, ಇಳಿಯಬೇಕಾದ ನಿಲ್ದಾಣ ದಾಟಿಹೋದರೂ ಅವಳನ್ನು ಎಬ್ಬಿಸಲಿಲ್ಲ.

ಮ್ಯಾನೇಜರ್ ಅವರನ್ನು ಮತ್ತೆ ನೀರಿಗಿಳಿಸಿದರು. ಯಾರಾದರೂ ಆಗ ಬಂದು ಚಿಕಿತ್ಸೆಯಿಂದ ತೃಪ್ತಿಯೇ ಎಂದು ಕೇಳಿದ್ದರೆ, ಮೇಷ್ಟ್ರು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದರು.

ಒಂದು ದಿನ ಪುಡಿ ಮುಗಿದು, ಮತ್ತೆ ತರಲು ಹೋದಾಗ ಮಹಡಿಯ ಬಾಗಿಲಿಗೆ ಸರ್ಕಾರದ ಮೊಹರು ಬಿದ್ದಿತ್ತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸುತ್ತಿದ್ದನಂತೆ, ಅಧಿಕಾರಿಗಳು ಬಂದು ಎಲ್ಲವನ್ನೂ ಹೊತ್ತುಕೊಂಡು ಹೋದರಂತೆ ಎಂದು ಕೆಳಗಿನ ಚಪ್ಪಲಿ ಅಂಗಡಿಯವನು ಹೇಳಿದ. ಪುಡಿ ಡಾಕ್ಟ್ರು ಊರು ಬಿಟ್ಟಿದ್ದ. ಮೇಷ್ಟ್ರು ಆ ಮುಚ್ಚಿದ ಬಾಗಿಲನ್ನು ಅಂಗೈಯಿಂದ ಬಡಿದರು, ಆಮೇಲೆ ಮುಷ್ಟಿಯಿಂದ ಬಡಿದರು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಬಡಿದರು. ಜೊತೆಗೆ ಬಂದಿದ್ದ ಭಾವಮೈದ ಹಿಡಿದು ಕೆಳಗಿಳಿಸಬೇಕಾಯಿತು.

ಪುಡಿ ನಿಂತ ಕೆಲವೇ ದಿನಗಳಲ್ಲಿ ಚಳಿಜ್ವರ ಬಂತು. ಮೈ ಬೆಂದಂತೆ ಕೆಂಪಾಯಿತು. ಈ ಸಲ ಮಚ್ಚೆಮಚ್ಚೆಯಾಗಿ ಅಲ್ಲ, ನೆತ್ತಿಯಿಂದ ಪಾದದವರೆಗೆ ಒಂದೇ ಸಮ. ಅದರ ಮೇಲೆ ಕೀವಿನ ಸಣ್ಣ ಸಣ್ಣ ಗುಳ್ಳೆ ಎದ್ದು, ಒಡೆದು, ಚರ್ಮ ಹಾಳೆಹಾಳೆಯಾಗಿ ಸುಲಿಯತೊಡಗಿತು. ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಬಟ್ಟೆ ತಗಲಿದರೆ ಚೀರಾಟ. ಭಾವಮೈದ ವ್ಯಾನಿನೊಳಗೆ ಹಾಸಿಗೆ ಹಾಕಿ, ಅಕ್ಕನೂ ತಾನೂ ಹೊದಿಕೆಯ ನಾಲ್ಕು ಮೂಲೆ ಹಿಡಿದು ಭಾವನನ್ನು ಹೊತ್ತು ಮಲಗಿಸಿದ. ದಾರಿಯುದ್ದಕ್ಕೂ, "ನಾನೇ ಭಾವನ್ನ ಕೊಂದ್ಬಿಟ್ಟೆ ಅಕ್ಕ" ಎಂದು ಬಡಬಡಿಸುತ್ತಿದ್ದ. "ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸೋ" ಎಂದಳು ಅವಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ತುಟಿ ಮಾತ್ರ ಬಿಳುಚಿಕೊಂಡಿತ್ತು.

ಮೇಷ್ಟ್ರು ಸಾವಿನ ಬಾಗಿಲವರೆಗೆ ಹೋಗಿ ಬಂದರು. ಮೈಗೆಲ್ಲ ಮುಲಾಮು ಬಳಿದು, ಒದ್ದೆ ಬಟ್ಟೆ ಸುತ್ತಿ, ರಕ್ತನಾಳಕ್ಕೆ ನೀರು, ಔಷಧ ಏರಿಸುತ್ತಿದ್ದರು. ಎಚ್ಚರ ಸರಿಯಾಗಿ ಮರಳಿದ ಮಧ್ಯಾಹ್ನ ಡಾಕ್ಟರಮ್ಮ ಮಂಚದ ಪಕ್ಕ ನಿಂತಿದ್ದರು. ಸಿಟ್ಟಿನಿಂದ ಅವರ ಧ್ವನಿ ನಡುಗುತ್ತಿತ್ತು.

"ಯಾರೋ ಕೊಟ್ಟ ಪುಡಿ ತಿಂದ್ರಾ? ಅದ್ರಲ್ಲಿದ್ದ ಸ್ಟೀರಾಯ್ಡ್ ಒಮ್ಮೆಲೇ ನಿಂತಿದ್ದಕ್ಕೇ ಹೀಗಾಗಿದ್ದು. ನಾನು ಕೊಟ್ಟಿದ್ದು ಸರಿ ಹೋಗ್ದೆ ಇದ್ರೆ ನನಗೆ ಹೇಳ್ಬೇಕಿತ್ತು. ಪ್ರತಿ ಸಲ ಪರವಾಗಿಲ್ಲ ಅಂದ್ರಿ. ತೃಪ್ತಿ ಇದೆ ಅಂತ ಬರೆಸಿದ್ರಿ. ನಾನು ಅದನ್ನೇ ನಂಬಿದೆ!"

ಮೇಷ್ಟ್ರ ಒಡೆದ ತುಟಿ ಅಲುಗಿತು. "ಇಲ್ಲ."

"ಏನಿಲ್ಲ?"

"ಒಂದು ದಿನಾನೂ ಪರವಾಗಿಲ್ಲ ಅಂತ ಇರ್ಲಿಲ್ಲ, ಡಾಕ್ಟ್ರೇ. ಸುಳ್ಳು ಹೇಳ್ದೆ." ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. "ಬೆನ್ನು ಹೋಯ್ತು, ಕಾಲು ಹೋಯ್ತು ಅಂತ ನೀವು ಖುಷಿಪಟ್ರಿ. ಬೆನ್ನು ಇಟ್ಕೊಂಡು ನಾನೇನು ಮಾಡ್ಲಿ? ಅಂಗಿ ಹಾಕಿದ್ರೆ ಮುಚ್ಚುತ್ತೆ. ಕೈ ಚೂರೇ ಚೂರು ಜಾಗ ಅಂದ್ರಿ. ನನ್ನ ಅನ್ನ ಅದ್ರಲ್ಲೇ ಇತ್ತು. ನನ್ನ ಮಗಳು ನನ್ನ ಜೊತೆ ನಡೆಯೋಕೆ ನಾಚ್ತಾಳೆ. ಆ ಪುಡಿಯವನು ಮೋಸಗಾರನೇ ಇರ್ಲಿ, ಅವನು ನನ್ನ ಕೈ ಹಿಡಿದು ನೋವಾ ಅಂತ ಕೇಳ್ದ. ನೀವು ಇಷ್ಟು ದಿನದಲ್ಲಿ ಒಂದ್ಸಲ ಕೇಳಿದ್ರಾ, ನಿಂಗೆ ಏನು ವಾಸಿಯಾಗ್ಬೇಕು ಅಂತ?"

ಪಕ್ಕದ ಮಂಚದವರು ತಿರುಗಿ ನೋಡಿದರು. ಹೆಂಡತಿ, "ರೀ, ಸಾಕು" ಎಂದು ಅವರ ಬಾಯಿಯ ಬಳಿ ಕೈ ಒಯ್ದಳು. ಡಾಕ್ಟರಮ್ಮ ಅವಳನ್ನು ತಡೆದು, ಸ್ಟೂಲೊಂದನ್ನು ಎಳೆದುಕೊಂಡು ಕೂತರು.

"ಕೇಳ್ಲಿಲ್ಲ" ಎಂದರು. "ಹೊರಗಿನ ಸಾಲು ನೋಡ್ಕೊಂಡು, ಪರವಾಗಿಲ್ಲ ಅನ್ನೋ ಮಾತು ನನಗೂ ಬೇಕಿತ್ತು ಅನ್ಸುತ್ತೆ. ಈಗ ಕೇಳ್ತಿದೀನಿ."

"ನನ್ನ ಕೈ ಬೇಕು."

"ಒಂದು ಹೊಸ ಇಂಜೆಕ್ಷನ್ ಇದೆ. ಸರ್ಕಾರದಿಂದ ಮಂಜೂರಾತಿ ಆಗ್ಬೇಕು, ನಾನು ಬರೀತೀನಿ. ಆದ್ರೆ ಕೈ ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ. ಕೊಟ್ರೆ ನಾನೂ ಅವನ ಥರಾನೇ ಆಗ್ತೀನಿ."

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರಿಗೆ ಆ ಕ್ಷಣ ಬೇಕಿದ್ದದ್ದು ನಿಜ ಅಲ್ಲ, ಭರವಸೆ.

ಮಂಜೂರಾತಿ ಬರುವಷ್ಟರಲ್ಲಿ ಬೇಸಿಗೆ ಕಳೆಯಿತು. ಇಂಜೆಕ್ಷನ್ ಶುರುವಾದ ಮೇಲೆ ಮೈ ಬಹುಮಟ್ಟಿಗೆ ತಿಳಿಯಾಯಿತು. ಅಂಗೈ ಮಾತ್ರ ಹಟ ಹಿಡಿದು ಕೂತಿತ್ತು. ಒಂದು ವಾರ ಮೆತ್ತಗಾದರೆ ಮತ್ತೊಂದು ವಾರ ಬಿರಿಯುತ್ತಿತ್ತು. ಮೇಷ್ಟ್ರು ಈಗ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದರು, ಡಾಕ್ಟರಮ್ಮ ಕೈ ಹಿಡಿದು ನೋಡಿ ಮುಲಾಮು ಬದಲಿಸುತ್ತಿದ್ದರು. ಹೇಳಿಕೊಂಡಿದ್ದರಿಂದ ಬಿರುಕು ಕೂಡಲಿಲ್ಲ. ಹೇಳದೆ ಇದ್ದಾಗಿನ ಭಾರ ಒಂದು ಕಡಿಮೆಯಾಯಿತು, ಅಷ್ಟೇ.

ಕೊಳಕ್ಕೆ ಹೊಸ ಶಿಕ್ಷಕ ಬಂದಿದ್ದ. ಮೇಷ್ಟ್ರು ಮ್ಯಾನೇಜರ್ ಮುಂದೆ ನಿಂತು, ಮತ್ತೆ ಕಲಿಸಲು ಬರಲೇ ಎಂದು ಕೇಳಿದರು. ಅವರು ಈ ಸಲ ಪೆನ್ನು ಉರುಳಿಸಲಿಲ್ಲ, ನೇರವಾಗಿಯೇ ನೋಡಿದರು. "ಬೇಡ ಮೇಷ್ಟ್ರೇ. ಜನಕ್ಕೆ ಒಂದ್ಸಲ ಮನಸ್ಸಿಗೆ ಬಂದದ್ದು ಹೋಗಲ್ಲ. ಕಿಟಕಿ ನಿಮ್ಮದೇ, ನಿವೃತ್ತಿವರೆಗೂ ಯಾರೂ ಏಳಿಸಲ್ಲ."

ಅಲ್ಲಿಂದಾಚೆಗೆ ಮೇಷ್ಟ್ರು ಮಾತು ಕಡಿಮೆ ಮಾಡಿದರು. ತಟ್ಟೆಯ ಮುಂದೆ ಕೂತು ಅನ್ನ ಕಲಸುವುದನ್ನೇ ಮರೆಯುತ್ತಿದ್ದರು. ಮಗಳು ತಾನಾಗಿ ಬಂದು ಪಕ್ಕದಲ್ಲಿ ಕೂತರೂ ಅವಳ ಕಡೆ ತಿರುಗುತ್ತಿರಲಿಲ್ಲ. ಮನೆಯ ತಾರಸಿಗೆ ಹೋಗುವ ಮೆಟ್ಟಿಲ ಬಳಿ ಸುಮ್ಮನೆ ನಿಂತಿರುತ್ತಿದ್ದರು. ಒಂದು ದಿನ ಹೆಂಡತಿಯನ್ನು, "ನಾನಿಲ್ದಿದ್ರೆ ಇವಳ ಓದು ನಿನ್ನ ತಮ್ಮ ನೋಡ್ಕೋತಾನಾ?" ಎಂದು ಕೇಳಿದರು. ಅವಳ ಎದೆ ಧಸಕ್ಕೆಂದಿತು. ಏನೂ ಆಗದವಳಂತೆ ಪಾತ್ರೆ ತೊಳೆದಿಟ್ಟಳು. ಮರುದಿನ ಲಾಂಡ್ರಿಗೆ ರಜೆ ಹಾಕಿದಳು. "ಏಳಿ, ಹೊರಡಿ" ಎಂದಳು.

"ಎಲ್ಲಿಗೆ?"

"ಕೆರೆಗೆ. ನಂಗೆ ಈಜು ಕಲಿಸಿ."

ಮದುವೆಯಾಗಿ ಇಷ್ಟು ಕಾಲವಾಗಿದ್ದರೂ ಅವಳು ಮೊಣಕಾಲು ಮುಳುಗುವ ನೀರಿಗೆ ಇಳಿದವಳಲ್ಲ. ಬಕೆಟ್ಟಿಗಿಂತ ದೊಡ್ಡದರಲ್ಲಿ ನೀರು ಕಂಡರೆ ಅವಳಿಗೆ ತಲೆ ಸುತ್ತುತ್ತಿತ್ತು. ಮೇಷ್ಟ್ರು ಅವಳನ್ನು ದಿಟ್ಟಿಸಿದರು. "ಹುಚ್ಚು ಹಿಡಿದಿದ್ಯಾ ನಿಂಗೆ?"

"ಹಿಡಿದಿದೆ ಅಂತ್ಲೇ ಇಟ್ಕೊಳ್ಳಿ. ಊರಿನ ಮಕ್ಕಳಿಗೆಲ್ಲ ಕಲಿಸಿದ್ರಿ. ನಾನೇನು ಪಾಪ ಮಾಡಿದ್ದೆ?"

ಊರಾಚೆಯ ಕೆರೆಯಲ್ಲಿ ಬೆಳಗಿನ ಹೊತ್ತು ಯಾರೂ ಇರಲಿಲ್ಲ. ಅವಳು ಹಳೆಯ ಅಂಗಿಯ ಜೊತೆ ಮಗಳ ಟ್ರ್ಯಾಕ್ ಪ್ಯಾಂಟು ತೊಟ್ಟುಕೊಂಡು, ಹಲ್ಲು ಕಚ್ಚಿ, ಗಂಡನ ತೋಳು ಹಿಡಿದು ನೀರಿಗಿಳಿದಳು. ಸೊಂಟ ಮುಳುಗುತ್ತಲೇ ಕಿಟಾರನೆ ಕಿರುಚಿದಳು. ಎರಡು ಹೆಜ್ಜೆಗೆ ಕಾಲು ಜಾರಿ ಮುಳುಗಿ, ಮೂಗಿನಲ್ಲೂ ಬಾಯಲ್ಲೂ ನೀರು ತುಂಬಿಕೊಂಡು, ಕೆಮ್ಮುತ್ತ ಮೇಲೆದ್ದು, "ಇದಕ್ಕೆ ಜನ ದುಡ್ಡು ಬೇರೆ ಕೊಡ್ತಾರಾ!" ಎಂದು ಬೈದಳು. ಮೇಷ್ಟ್ರ ಬಾಯಿಂದ ಸದ್ದೊಂದು ಹೊರಟಿತು. ನಗುವೋ ಅಳುವೋ ಅವರಿಗೇ ತಿಳಿಯಲಿಲ್ಲ.

ತಣ್ಣೀರಿಗೆ ಅಂಗೈಯ ಬಿರುಕುಗಳು ಚುರುಗುಟ್ಟಿದವು. ಅವಳ ಕೈ ಅದೇ ಅಂಗೈಯನ್ನು ಉಗುರು ಊರುವಂತೆ ಹಿಡಿದಿತ್ತು.

"ಸ್ವಲ್ಪ ಸಡಿಲ ಬಿಡೇ, ನೋಯುತ್ತೆ."

"ನೋಯ್ಲಿ. ನೀವು ಬಿಡ್ಬೇಡಿ" ಎಂದಳು ಅವಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು, ಕಣ್ಣು ಅವರ ಮುಖವನ್ನು ಬಿಟ್ಟು ಕದಲಲಿಲ್ಲ. "ಕೇಳಿಸ್ತೇನ್ರೀ? ಬಿಡ್ಬೇಡಿ. ಬಿಟ್ರೆ ನಾನು ಉಳಿಯಲ್ಲ."

ಅವಳು ನಿಂತಿದ್ದ ಕಡೆ ನೀರು ಎದೆಮಟ್ಟ ಮಾತ್ರ ಇತ್ತು. ಮೇಷ್ಟ್ರು ಅದನ್ನು ಅವಳಿಗೆ ಹೇಳಲಿಲ್ಲ. ಬಿರಿದ ಕೈಯನ್ನು ಇನ್ನಷ್ಟು ಬಿಗಿಮಾಡಿ, "ಬಿಡಲ್ಲ. ಮೊದ್ಲು ಉಸಿರು ತಗೋ" ಎಂದರು.